ಮೊದಲು ತಾರಸಿ ಹತ್ತು, ಮಗೂ

ಮಗೂ, ಟೆಲಿಸ್ಕೋಪ್ ಬೇಕೆಂದು ಅಪ್ಪನ ಹಿಂದೆ ಬಿದ್ದಿದ್ದೀಯಂತೆ. ಆಸೆ ಒಳ್ಳೆಯದೇ. ಆಕಾಶ ನೋಡಬೇಕೆನ್ನುವ ಹುಡುಗಿಗೆ ಬೇಡವೆನ್ನುವ ಅಜ್ಜ ನಾನಲ್ಲ. ಆದರೆ ಒಂದು ಕಿವಿಮಾತು ಕೇಳು. ಟೆಲಿಸ್ಕೋಪ್ ಆರು ತಿಂಗಳು ತಡವಾಗಿ ಬರಲಿ, ನಷ್ಟವೇನಿಲ್ಲ. ಅಷ್ಟರೊಳಗೆ ಬರಿಗಣ್ಣಿನಲ್ಲಿ ಆಕಾಶದ ನಡೆಯನ್ನು ಕಲಿತುಕೋ. ಯಾವ ನಕ್ಷತ್ರ ಎಲ್ಲಿ ಹುಟ್ಟುತ್ತದೆ, ಎಷ್ಟು ಹೊತ್ತಿಗೆ ನೆತ್ತಿಗೇರುತ್ತದೆ, ನಾಳೆ ಇದೇ ಹೊತ್ತಿಗೆ ಎಲ್ಲಿರುತ್ತದೆ ಎಂಬುದು ತಿಳಿಯದವರ ಮನೆಯಲ್ಲಿ ಟೆಲಿಸ್ಕೋಪ್ ನಾಲ್ಕು ದಿನ ಚಂದ್ರನನ್ನು ತೋರಿಸಿ ಅಟ್ಟ ಸೇರುತ್ತದೆ. ನಡೆ ತಿಳಿದವರಿಗೆ ಅದು ಬಾಳಿನುದ್ದಕ್ಕೂ ಕೆಲಸಕ್ಕೆ ಬರುತ್ತದೆ.

ಎಗ್ಮೋರಿನ ಬೆಳಕಿನಲ್ಲಿ ಏನು ಕಾಣುತ್ತದೆ ಅಜ್ಜ ಎಂದು ನೀನು ಕೇಳುತ್ತೀ. ಕೇಳುವ ಮೊದಲು ನೀನಿರುವ ಊರು ಯಾವುದೆಂದು ತಿಳಿದುಕೋ. ನಮ್ಮ ದೇಶದ ಆಧುನಿಕ ಖಗೋಳವಿಜ್ಞಾನದ ಮೊದಲ ಮನೆ ಇದ್ದದ್ದು ಇದೇ ಎಗ್ಮೋರಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ 1786ರಲ್ಲಿ ಎಗ್ಮೋರಿನ ತನ್ನ ಮನೆಯಲ್ಲಿ ಸ್ವಂತ ಖರ್ಚಿನಿಂದ ವೀಕ್ಷಣಾಲಯ ಕಟ್ಟಿಕೊಂಡ. ಎರಡು ಸಣ್ಣ ದೂರದರ್ಶಕಗಳು, ಲೋಲಕದ ಎರಡು ಗಡಿಯಾರಗಳು, ನಕ್ಷತ್ರಗಳು ನೆತ್ತಿಯ ಗೆರೆ ದಾಟುವ ಕ್ಷಣವನ್ನು ಹಿಡಿಯುವ ಒಂದು ಉಪಕರಣ, ಇಷ್ಟೇ ಅವನ ಬಂಡವಾಳ. ಮುಂದೆ ಅದು ಕಂಪನಿಯ ಕೈಸೇರಿ, 1792ರಲ್ಲಿ ಪಕ್ಕದ ನುಂಗಂಬಾಕ್ಕಂನ ಹೊಸ ಕಟ್ಟಡಕ್ಕೆ ಹೋಯಿತು. ಅಲ್ಲಿ ಉಪಕರಣ ಅಲುಗಾಡದಿರಲೆಂದು ನಿಲ್ಲಿಸಿದ, ಸುಮಾರು 10 ಟನ್ ತೂಕದ ಕಲ್ಲಿನ ಕಂಬ ಈಗಲೂ ಹವಾಮಾನ ಇಲಾಖೆಯ ಆವರಣದಲ್ಲಿ ನಿಂತಿದೆ. ಅದರ ಮೇಲೆ ತಮಿಳು, ತೆಲುಗಿನ ಬರಹವೂ ಇದೆ. 1899ರಲ್ಲಿ ಕೆಲಸವೆಲ್ಲ ಕೊಡೈಕೆನಾಲ್ ಬೆಟ್ಟಕ್ಕೆ ಹೋಯಿತು. ಅದೇ ಸಂಸ್ಥೆ ಬೆಳೆದು ಇವತ್ತು ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಗೋಳಭೌತ ಸಂಸ್ಥೆಯಾಗಿದೆ. ಜವ್ವಾದು ಬೆಟ್ಟದ ಕವಲೂರಿನಲ್ಲಿರುವ 2.34 ಮೀಟರಿನ ದೊಡ್ಡ ದೂರದರ್ಶಕ ಅವರದೇ. ಅದರ ಬೇರು ನೀನು ಓಡಾಡುವ ಈ ಬೀದಿಗಳಲ್ಲಿದೆ.

ಆ ವೀಕ್ಷಣಾಲಯದವರ ನಿತ್ಯದ ಕೆಲಸ ಏನಿತ್ತು ಗೊತ್ತೇ? ಒಂದು ದೂರದರ್ಶಕವನ್ನು ಉತ್ತರ–ದಕ್ಷಿಣ ಗೆರೆಯ ಮೇಲೆ ಮಾತ್ರ ಮೇಲೆ ಕೆಳಗೆ ಆಡುವಂತೆ ಕಟ್ಟಿ, ಒಂದೊಂದೇ ನಕ್ಷತ್ರ ಆ ಗೆರೆ ದಾಟುವ ಹೊತ್ತನ್ನು ಬರೆದುಕೊಳ್ಳುವುದು. ವರ್ಷಗಟ್ಟಲೆ ಇದೇ ಕೆಲಸ. ಟೇಲರ್ ಎಂಬ ಖಗೋಳಜ್ಞ ಹೀಗೆ 11,015 ನಕ್ಷತ್ರಗಳ ಪಟ್ಟಿಯನ್ನೇ ಸಿದ್ಧಪಡಿಸಿದ. ಆ ಕೆಲಸದ ತಿರುಳನ್ನು ನೀನು ದುಡ್ಡಿಲ್ಲದೆ ನಿಮ್ಮ ತಾರಸಿಯಲ್ಲೇ ಮಾಡಬಹುದು.

ಹೀಗೆ ಮಾಡು. ತಾರಸಿಯಲ್ಲಿ ಒಂದು ಜಾಗ ಗೊತ್ತುಮಾಡಿ ಚಾಕ್‌ಪೀಸಿನಿಂದ ಎರಡು ಪಾದದ ಗುರುತು ಹಾಕು. ಅಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಪಕ್ಕದ ಕಟ್ಟಡದ ನೆಟ್ಟಗಿನ ಗೋಡೆಯಂಚು ಕಾಣಬೇಕು. ಆ ಅಂಚಿನ ಕಡೆಗೆ ಇಳಿಯುತ್ತಿರುವ ಒಂದು ಪ್ರಕಾಶದ ನಕ್ಷತ್ರವನ್ನು ಆರಿಸಿಕೋ. ಗೋಡೆಗೊರಗಿ ತಲೆ ಅಲುಗದ ಹಾಗೆ ನಿಂತು, ಒಂದು ಕಣ್ಣು ಮುಚ್ಚಿ, ಕಾಯಿ. ನಕ್ಷತ್ರ ಮೆಲ್ಲಗೆ ಮಂಕಾಗುವುದಿಲ್ಲ, ತಟ್ಟನೆ ಆರುತ್ತದೆ. ಆ ಕ್ಷಣ ಮೊಬೈಲಿನ ಗಡಿಯಾರ ನೋಡಿ ಗಂಟೆ, ನಿಮಿಷ, ಸೆಕೆಂಡು ಬರೆದುಕೋ. ಮರುದಿನ ಅದೇ ಗುರುತಿನ ಮೇಲೆ ನಿಂತು ಅದೇ ನಕ್ಷತ್ರವನ್ನು ನೋಡು. ಅದು ಹೆಚ್ಚುಕಡಿಮೆ ನಾಲ್ಕು ನಿಮಿಷ ಮುಂಚೆಯೇ ಮರೆಯಾಗುತ್ತದೆ. ಸರಿಯಾದ ಲೆಕ್ಕ 3 ನಿಮಿಷ 56 ಸೆಕೆಂಡು. ಗ್ರಹವನ್ನು ಮಾತ್ರ ಆರಿಸಬೇಡ, ಅದರ ದಾರಿ ಬೇರೆ, ಲೆಕ್ಕ ತಪ್ಪುತ್ತದೆ.

ಈ ನಾಲ್ಕು ನಿಮಿಷದಲ್ಲಿ ಇಡೀ ವರ್ಷದ ಆಕಾಶ ಅಡಗಿದೆ. ಭೂಮಿ ತನ್ನ ಸುತ್ತ ಒಂದು ಸುತ್ತು ತಿರುಗುವುದು 23 ಗಂಟೆ 56 ನಿಮಿಷ ಚಿಲ್ಲರೆಯಲ್ಲಿ. ಅಷ್ಟರಲ್ಲಿ ಅದು ಸೂರ್ಯನ ಸುತ್ತಲೂ ಸುಮಾರು ಒಂದು ಡಿಗ್ರಿ ಸಾಗಿರುತ್ತದೆ. ಸೂರ್ಯನನ್ನು ಮತ್ತೆ ಎದುರಿಗೆ ತರಲು ಇನ್ನೂ ಸ್ವಲ್ಪ ತಿರುಗಬೇಕು, ಆ ಸ್ವಲ್ಪವೇ ನಾಲ್ಕು ನಿಮಿಷ. ನಮ್ಮ ಗಡಿಯಾರ ಸೂರ್ಯನದು, ಆದ್ದರಿಂದ ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ, ತಿಂಗಳಿಗೆ ಎರಡು ಗಂಟೆ ಮುಂದಾಗುತ್ತ ಹೋಗುತ್ತವೆ. ವರ್ಷಕ್ಕೆ 24 ಗಂಟೆ, ಅಂದರೆ ಲೆಕ್ಕ ಚುಕ್ತಾ. ಜನವರಿಯಲ್ಲಿ ರಾತ್ರಿ ಹತ್ತಕ್ಕೆ ನೆತ್ತಿಯಲ್ಲಿದ್ದದ್ದು ಫೆಬ್ರವರಿಯಲ್ಲಿ ಎಂಟಕ್ಕೇ ಅಲ್ಲಿರುವುದು ಇದೇ ಕಾರಣಕ್ಕೆ. ಪುಸ್ತಕದಲ್ಲಿ ಇದನ್ನು ಓದಿದರೆ ಪರೀಕ್ಷೆ ಮುಗಿದ ಮೇಲೆ ಮರೆಯುತ್ತೀ. ಗೋಡೆಯಂಚಿನಲ್ಲಿ ಕಂಡರೆ ಮರೆಯುವುದಿಲ್ಲ.

ಇನ್ನು ಅಳತೆ. ಕೈಯನ್ನು ಪೂರ್ತಿ ನೀಡಿ ಹಿಡಿದರೆ ಕಿರುಬೆರಳಿನ ಅಗಲ ಆಕಾಶದಲ್ಲಿ ಒಂದು ಡಿಗ್ರಿ, ಮುಷ್ಟಿ ಹತ್ತು ಡಿಗ್ರಿ, ಗೇಣು ಸುಮಾರು ಇಪ್ಪತ್ತು. ಹುಣ್ಣಿಮೆಯ ಚಂದ್ರ ಎಷ್ಟು ದೊಡ್ಡದಾಗಿ ಕಂಡರೂ ಅರ್ಧ ಡಿಗ್ರಿ ಮಾತ್ರ, ಕಿರುಬೆರಳು ಹಿಡಿದರೆ ಪೂರ್ತಿ ಮುಚ್ಚಿಹೋಗುತ್ತಾನೆ. ಎಗ್ಮೋರ್ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ 13 ಡಿಗ್ರಿ ಎತ್ತರದಲ್ಲಿದೆ, ಒಂದು ಮುಷ್ಟಿಗಿಂತ ತುಸು ಮೇಲೆ. ಅಷ್ಟು ಕೆಳಗೆ ನಗರದ ಮಬ್ಬಿನಲ್ಲಿ ಅದನ್ನು ಹುಡುಕಲು ತಾಳ್ಮೆ ಬೇಕು. ದಕ್ಷಿಣ ನಮಗೆ ಉದಾರಿ. ಫೆಬ್ರವರಿಯ ರಾತ್ರಿ ಒಂಬತ್ತರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ಒಂದು ಗೇಣಿಗಿಂತ ಸ್ವಲ್ಪ ಮೇಲೆ ನೋಡು, ಒಂಟಿಯಾಗಿ ಬೆಳಗುವ ನಕ್ಷತ್ರ ಅಗಸ್ತ್ಯ. ಇಡೀ ರಾತ್ರಿಯ ಆಕಾಶದಲ್ಲಿ ಲುಬ್ಧಕನನ್ನು ಬಿಟ್ಟರೆ ಅಷ್ಟು ಪ್ರಕಾಶದ ನಕ್ಷತ್ರ ಬೇರೆ ಇಲ್ಲ. ಲಂಡನ್ನಿನವರಿಗೆ ಅದು ಎಂದೂ ಕಾಣಸಿಗುವುದಿಲ್ಲ. ಮೇ ತಿಂಗಳ ನಡುವೆ ರಾತ್ರಿ ಒಂಬತ್ತಕ್ಕೆ ಅದೇ ದಕ್ಷಿಣದಲ್ಲಿ ಇನ್ನೂ ಕೆಳಗೆ ತ್ರಿಶಂಕು ನೆಟ್ಟಗೆ ನಿಂತಿರುತ್ತದೆ, ಎದುರು ದಿಕ್ಕಿನಲ್ಲಿ ಸಪ್ತರ್ಷಿಗಳು. ವಸಿಷ್ಠನ ಪಕ್ಕದಲ್ಲಿ ಅರುಂಧತಿಯನ್ನು ಹುಡುಕು. ಮದುವೆಯಲ್ಲಿ ಪುರೋಹಿತರು ಹಗಲಲ್ಲೇ ತೋರಿಸುವ ಅರುಂಧತಿಯನ್ನು ನಿಜವಾಗಿ ಕಂಡವರು ನಮ್ಮ ಬಳಗದಲ್ಲಿ ಕಡಿಮೆ. ನೀನು ಕಾಣು.

ಕಲಿಯಲು ಶುರುಮಾಡುವುದು ಜನವರಿಯಲ್ಲಿ ಒಳ್ಳೆಯದು. ಈಶಾನ್ಯ ಮಾರುತದ ಮಳೆ ಮುಗಿದು ಮದ್ರಾಸಿನ ಆಕಾಶ ತೊಳೆದಿಟ್ಟಂತಿರುತ್ತದೆ. ಸಂಜೆಯಾದರೆ ಪೂರ್ವದಲ್ಲಿ ಮಹಾವ್ಯಾಧ. ಅವನ ಸೊಂಟದ ಮೂರು ನಕ್ಷತ್ರ ಹೆಚ್ಚುಕಡಿಮೆ ಆಕಾಶದ ಸಮಭಾಜಕದ ಮೇಲೇ ಇವೆ, ಹಾಗಾಗಿ ಅವು ಹುಟ್ಟುವ ಜಾಗ ನೇರ ಪೂರ್ವ, ಮುಳುಗುವ ಜಾಗ ನೇರ ಪಶ್ಚಿಮ. ಆ ಮೂರರ ಗೆರೆಯನ್ನು ಒಂದು ಕಡೆ ಎಳೆದರೆ ಲುಬ್ಧಕ ಸಿಗುತ್ತದೆ, ಇನ್ನೊಂದು ಕಡೆ ಎಳೆದರೆ ರೋಹಿಣಿ, ಅದರಾಚೆ ಕೃತ್ತಿಕೆಯ ಗೊಂಚಲು. ಮಹಾವ್ಯಾಧನ ಹೆಗಲ ಕೆಂಪು ನಕ್ಷತ್ರ ಆರ್ದ್ರಾ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಅದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ತಾನೇ ಉಗುಳಿದ ದೂಳಿನ ಮೋಡ ಅದಕ್ಕೆ ಅಡ್ಡ ಬಂದಿತ್ತೆಂದು ವಿಜ್ಞಾನಿಗಳು ಕಂಡುಕೊಂಡರು. ದಿನಾ ನೋಡುವ ಅಭ್ಯಾಸವಿದ್ದವರಿಗೆ ಮಾತ್ರ ತಾರಸಿಯಿಂದಲೇ ಆ ವ್ಯತ್ಯಾಸ ಕಂಡಿತು.

ಚಂದ್ರನ ಪಾಠ ಇನ್ನೂ ಸುಲಭ. ಹುಣ್ಣಿಮೆಯ ಸಂಜೆ ಅಪ್ಪನ ಜೊತೆ ಮರೀನಾಕ್ಕೆ ಹೋಗು. ಬೆನ್ನ ಹಿಂದೆ ಊರಿನ ಮೇಲೆ ಸೂರ್ಯ ಮುಳುಗುವ ಹೊತ್ತಿಗೆ ಎದುರಿನ ಸಮುದ್ರದಿಂದ ಚಂದ್ರ ಏಳುತ್ತಾನೆ. ಸೂರ್ಯ, ನಾವು, ಚಂದ್ರ ಒಂದೇ ಸಾಲಿನಲ್ಲಿದ್ದೇವೆಂದು ಅಲ್ಲಿ ನಿಂತವರಿಗೆ ಬೇರೆ ಹೇಳಬೇಕಾಗಿಲ್ಲ. ಮರುದಿನ ಚಂದ್ರ ಸುಮಾರು ಮುಕ್ಕಾಲು ಗಂಟೆ ತಡವಾಗಿ ಏಳುತ್ತಾನೆ, ಏಕೆಂದರೆ ದಿನಕ್ಕೆ 13 ಡಿಗ್ರಿಯಷ್ಟು ಪೂರ್ವಕ್ಕೆ ಸರಿಯುತ್ತಾನೆ. ನಮ್ಮ ಹಿರಿಯರು ಅವನ ದಾರಿಯನ್ನು 27 ಪಾಲು ಮಾಡಿ ದಿನಕ್ಕೊಂದು ನಕ್ಷತ್ರವೆಂದು ಇಟ್ಟದ್ದು ಈ ನಡೆ ನೋಡಿಯೇ. ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಬಳಿ ಬಂದರೆ ಚೈತ್ರ, ಕೃತ್ತಿಕೆಯ ಬಳಿ ಬಂದರೆ ಕಾರ್ತಿಕ, ಮಖೆಯ ಬಳಿ ಬಂದರೆ ಮಾಘ. ನಿಮ್ಮ ಕಟ್ಟಡದ ತಮಿಳು ಮನೆಗಳಲ್ಲಿ ಕಾರ್ತಿಗೈ ದೀಪ ಹಚ್ಚಿದ ರಾತ್ರಿ ತಲೆಯೆತ್ತಿ ನೋಡು, ಚಂದ್ರ ಆ ಗೊಂಚಲಿನ ಹತ್ತಿರವೇ ಇರುತ್ತಾನೆ.

ನಮಗೇಕೆ ಎರಡು ಹೊಸ ವರ್ಷ ಎಂದು ನೀನು ಕೇಳಿದ್ದುಂಟು. ಯುಗಾದಿ ಚಂದ್ರನ ಲೆಕ್ಕ. ಹುಣ್ಣಿಮೆಯಿಂದ ಹುಣ್ಣಿಮೆಗೆ 29 ದಿನ ಮತ್ತೆ ಅರ್ಧ, ಹನ್ನೆರಡು ತಿಂಗಳಿಗೆ 354 ದಿನ, ವರ್ಷಕ್ಕೆ 11 ದಿನ ಕಮ್ಮಿ. ಅದನ್ನು ಸರಿತೂಗಿಸಲು ಎರಡೂವರೆ ವರ್ಷ ಕಳೆದ ಮೇಲೆ ಒಂದು ಅಧಿಕಮಾಸ. ನಮ್ಮ ತುಳುನಾಡಿನ ಬಿಸು ಸೂರ್ಯನ ಲೆಕ್ಕ, ಹಾಗಾಗಿ ಅದು ಪಕ್ಕದ ಮನೆಯವರ ತಮಿಳು ಹೊಸ ವರ್ಷ ಪುತ್ತಾಂಡಿನ ದಿನವೇ, ಏಪ್ರಿಲ್ 14ರ ಆಸುಪಾಸಿನಲ್ಲಿ, ಬರುತ್ತದೆ. ಎಗ್ಮೋರಿನಲ್ಲಿ ನೆಲೆಸಿದ ನಮ್ಮಂಥವರಿಗೆ ಎರಡೂ ನಮ್ಮವೇ.

ರೈತರು ಹೇಳುವ ಮಳೆಯ ನಕ್ಷತ್ರಕ್ಕೂ ಸೂರ್ಯನೇ ಆಧಾರ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಕೇಳಿದ್ದೀಯ. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಸೂರ್ಯ ರೋಹಿಣಿಯ ದಿಕ್ಕಿನಲ್ಲಿರುತ್ತಾನೆ, ಆಗ ಬೀಳುವ ಮಳೆ ರೋಹಿಣಿ ಮಳೆ. ಆ ದಿನಗಳಲ್ಲಿ ರೋಹಿಣಿ ನಕ್ಷತ್ರವನ್ನು ಹುಡುಕಿದರೆ ಸಿಗುವುದಿಲ್ಲ, ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಕಣ್ಣಿಗೆ ಕಾಣದ ನಕ್ಷತ್ರದಲ್ಲಿ ಸೂರ್ಯನಿದ್ದಾನೆಂದು ನಮ್ಮ ರೈತರು ಅರಿತದ್ದು ಮುಂಜಾವಿನಲ್ಲಿ ಹುಟ್ಟುವ, ಸಂಜೆ ಮುಳುಗುವ ನಕ್ಷತ್ರಗಳನ್ನು ತಲೆಮಾರುಗಳಿಂದ ನೋಡಿ ನೋಡಿ.

ಹಗಲಿನ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ 12 ಗಂಟೆ 7 ನಿಮಿಷದ ಹೊತ್ತಿಗೆ ಒಂದು ಸ್ಟೀಲ್ ಲೋಟವನ್ನು ತಾರಸಿಯ ಮೇಲೆ ನೆಟ್ಟಗೆ ಬೋರಲಿಡು. ನೆರಳು ಪೂರ್ತಿ ಅದರ ಬುಡದಲ್ಲಿ ಅಡಗುತ್ತದೆ, ಸೂರ್ಯ ನಿನ್ನ ನೆತ್ತಿಯ ಮೇಲೇ ಇದ್ದಾನೆ. ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಹೀಗಾಗುತ್ತದೆ. ಬೆಂಗಳೂರಿನ ಚಿಕ್ಕಮ್ಮನಿಗೂ ಮಂಗಳೂರಿನ ಅತ್ತೆಗೂ ಫೋನ್ ಮಾಡಿ ಅವತ್ತೇ ಲೋಟ ಇಡಲು ಹೇಳು. ಮೂರೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೆ ಬೆಂಗಳೂರಿನಲ್ಲಿ ನೆರಳು ಅಡಗುವುದು ನಿನಗಿಂತ ಸುಮಾರು 11 ನಿಮಿಷ ತಡವಾಗಿ, ಮಂಗಳೂರಿನಲ್ಲಿ 22 ನಿಮಿಷ ತಡವಾಗಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಎಗ್ಮೋರಿನಿಂದ ಮಂಗಳೂರಿಗೆ ರೇಖಾಂಶದಲ್ಲಿ ಐದೂವರೆ ಡಿಗ್ರಿಯಷ್ಟು ದೂರವೆಂದು ಲೋಟದ ನೆರಳೇ ಹೇಳಿತು. ಇದೇ ಅಗಲವನ್ನು ನೆಲದ ಮೇಲೆ ಅಳೆದವನೂ ಇದ್ದಾನೆ. ಲ್ಯಾಂಬ್ಟನ್ ಎಂಬ ಭೂಮಾಪಕ 1802ರಲ್ಲಿ ಸೇಂಟ್ ಥಾಮಸ್ ಮೌಂಟಿನ ಬಳಿ ಅಳತೆ ಶುರುಮಾಡಿ, 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ನೆಲೆಗೆರೆ ಅಳೆದು, ಮಂಗಳೂರಿನ ಕರಾವಳಿಯವರೆಗೆ ತ್ರಿಕೋನಗಳನ್ನು ಹೆಣೆದ. ಎರಡು ಕರಾವಳಿಗಳ ನಡುವೆ ಅಂದಿನ ನಕ್ಷೆಗಳಲ್ಲಿ 400 ಮೈಲಿ ಎಂದಿದ್ದ ಅಗಲ ನಿಜವಾಗಿ 360 ಎಂದು ಗೊತ್ತಾದದ್ದು ಆಗ. ಅವನ ಲೆಕ್ಕಕ್ಕೆ ಮೂಲ ಇದೇ ಮದ್ರಾಸ್ ವೀಕ್ಷಣಾಲಯದ ರೇಖಾಂಶ. ನಮ್ಮ ರೈಲುಗಳೂ ಬಹಳ ಕಾಲ ಅಲ್ಲಿಯ ಗಡಿಯಾರಕ್ಕೇ ಓಡಿದವು. ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿದ್ದ ಆ ಮದ್ರಾಸ್ ಸಮಯದ ಜಾಗಕ್ಕೆ ಐದೂವರೆ ಗಂಟೆಯ ಭಾರತೀಯ ಸಮಯ ಬಂದದ್ದು 1906ರ ಜನವರಿ 1ರಂದು.

ಗ್ರಹಗಳಿಗೆ ಒಂದು ಮಾತು. ನಕ್ಷತ್ರ ಮಿನುಗುತ್ತದೆ, ಗ್ರಹ ಸಾಮಾನ್ಯವಾಗಿ ಮಿನುಗದೆ ನಿಂತ ಬೆಳಕು ಕೊಡುತ್ತದೆ. ಶುಕ್ರ ಸೂರ್ಯನಿಂದ 47–48 ಡಿಗ್ರಿಗಿಂತ ದೂರ ಹೋಗುವುದಿಲ್ಲ, ಅದಕ್ಕೇ ನಡುರಾತ್ರಿ ಅವನು ನಮಗೆ ಸಿಗುವುದಿಲ್ಲ. ಗುರು ಒಂದು ರಾಶಿಗೆ ಒಂದು ವರ್ಷ ತೆಗೆದುಕೊಂಡು ಹನ್ನೆರಡು ವರ್ಷಕ್ಕೆ ಸುತ್ತು ಮುಗಿಸುತ್ತಾನೆ. 2017ರಲ್ಲಿ ಅವನು ತುಲೆಗೆ ಬಂದಾಗ ಕಾವೇರಿ ಪುಷ್ಕರ ನಡೆಯಿತು, ಮತ್ತೆ ಅಲ್ಲಿಗೆ ಬರುವುದು 2029ರಲ್ಲಿ. ಶನಿ ಒಂದು ರಾಶಿಯಲ್ಲಿ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಮನೆಯಲ್ಲಿ ದೊಡ್ಡವರು ಏಳೂವರೆ ಶನಿಯೆಂದು ಅಂಜಿದರೆ ನೀನು ಅವರ ಕೈಹಿಡಿದು ತಾರಸಿಗೆ ಕರೆದುಕೊಂಡು ಹೋಗಿ ಶನಿಯನ್ನು ತೋರಿಸು. ಅವನು ನಿಧಾನವಾಗಿ ನಡೆಯುವ ಒಂದು ಲೋಕ, ನಮ್ಮ ಮೇಲೆ ಅವನಿಗೆ ಹಗೆಯಿಲ್ಲ. ಕುಜ ಎರಡು ವರ್ಷ ಎರಡು ತಿಂಗಳಿಗೊಮ್ಮೆ ಹಿಂದಕ್ಕೆ ನಡೆದಂತೆ ಕಾಣುತ್ತಾನೆ. ನೀನು ಕುಳಿತ ರೈಲು ಪಕ್ಕದ ಹಳಿಯ ನಿಧಾನದ ರೈಲನ್ನು ದಾಟುವಾಗ ಆ ರೈಲು ಹಿಂದೆ ಸರಿದಂತೆ ಕಾಣುವುದಿಲ್ಲವೇ, ಹಾಗೆ. ಒಳಸುತ್ತಿನಲ್ಲಿ ಬೇಗ ಓಡುವ ಭೂಮಿ ಅವನನ್ನು ದಾಟುತ್ತಿರುತ್ತದೆ, ಅಷ್ಟೇ.

ಈಗ ನಿನಗೆ ಒಬ್ಬರ ಹೆಸರು ಹೇಳಬೇಕು, ಚಿಂತಾಮಣಿ ರಘುನಾಥಾಚಾರಿ. ಪಂಚಾಂಗ ಬರೆಯುವವರ ಮನೆತನದವರು. ನುಂಗಂಬಾಕ್ಕಂನ ವೀಕ್ಷಣಾಲಯಕ್ಕೆ ಕೆಳಗಿನ ಕೆಲಸಕ್ಕೆ ಸೇರಿ ಮೊದಲ ಸಹಾಯಕರ ಹುದ್ದೆಗೆ ಏರಿದರು. ಆಗ ಅಲ್ಲಿಯ ಮುಖ್ಯಸ್ಥ ನಾರ್ಮನ್ ಪಾಗ್ಸನ್. ನಕ್ಷತ್ರಗಳ ಕಾಂತಿಯನ್ನು ಅಳೆಯಲು ಇವತ್ತೂ ಜಗತ್ತು ಬಳಸುವ, ಐದು ದರ್ಜೆಗೆ ನೂರು ಪಟ್ಟು ಎಂಬ ಅಳತೆಯನ್ನು 1856ರಲ್ಲಿ ಕೊಟ್ಟವನು. 1861ರಲ್ಲಿ ಮದ್ರಾಸಿನಿಂದ ಒಂದು ಕ್ಷುದ್ರಗ್ರಹ ಕಂಡುಹಿಡಿದು, ಈ ಖಂಡದಿಂದ ಸಿಕ್ಕ ಮೊದಲನೆಯದೆಂದು ಅದಕ್ಕೆ ಏಷ್ಯಾ ಎಂದೇ ಹೆಸರಿಟ್ಟವನೂ ಅವನೇ. ಅವನ ಜೊತೆ ದುಡಿದ ರಘುನಾಥಾಚಾರಿಗಳು 1867ರಲ್ಲಿ ದಕ್ಷಿಣ ದಿಗಂತಕ್ಕೆ ಹತ್ತಿರದ ಒಂದು ನಕ್ಷತ್ರದ ಬೆಳಕು ಏರಿಳಿಯುವುದನ್ನು ಕಂಡುಹಿಡಿದರು. 1872ರಲ್ಲಿ ಲಂಡನ್ನಿನ ರಾಯಲ್ ಖಗೋಳ ಸಂಘ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು.

ಅವರು ಇಷ್ಟಕ್ಕೇ ನಿಂತಿದ್ದರೆ ನಾನು ಅವರನ್ನು ನಿನಗೆ ಇಷ್ಟು ಹೇಳುತ್ತಿರಲಿಲ್ಲ. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯನ ಮುಖದ ಮೇಲೆ ಚುಕ್ಕಿಯಾಗಿ ಹಾದುಹೋಗುವುದಿತ್ತು. ಜನಸಾಮಾನ್ಯರಿಗೆ ಅದನ್ನು ವಿವರಿಸಲು ಅವರು ಒಂದು ಪುಸ್ತಿಕೆ ಬರೆದರು. ಅದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅಚ್ಚಾಯಿತು. ಬೆಂಗಳೂರಿನ ಖಗೋಳವಿಜ್ಞಾನಿ ಬಿ.ಎಸ್. ಶೈಲಜಾ ಅವರು ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ, ಓದು. ಜೊತೆಗೆ ರಘುನಾಥಾಚಾರಿಗಳು ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ಹಾಗೆ ಲೆಕ್ಕ ಹಾಕಿದ ದೃಗ್ಗಣಿತ ಪಂಚಾಂಗವನ್ನೂ ಹೊರತಂದರು. ಹಳೆಯ ಸೂತ್ರಕ್ಕೂ ಕಣ್ಣಿಗೆ ಕಂಡ ಗ್ರಹಣಕ್ಕೂ ತಾಳೆಯಾಗದಿದ್ದರೆ ತಿದ್ದಬೇಕಾದದ್ದು ಸೂತ್ರವನ್ನು ಎಂಬುದು ಅವರ ನಿಲುವು. ಪಂಚಾಂಗದ ಮನೆಯಲ್ಲಿ ಹುಟ್ಟಿ ಹಾಗೆ ಹೇಳಲು ಧೈರ್ಯ ಬೇಕು. ಹಿರಿಯರ ಮೇಲೆ ಗೌರವವಿಟ್ಟುಕೊಂಡೇ ಅವರ ಲೆಕ್ಕವನ್ನು ತಿದ್ದಬಹುದೆಂದು ಅವರು ಮಾಡಿ ತೋರಿಸಿದರು.

ತಾಳೆ ನೋಡುವುದು ಹೇಗೆಂಬುದಕ್ಕೆ ಮನೆಯಲ್ಲೇ ಉದಾಹರಣೆಯಿದೆ. ಮಕರ ಸಂಕ್ರಾಂತಿಗೆ ಉತ್ತರಾಯಣ ಶುರುವೆನ್ನುತ್ತೇವೆ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನ ತನಕ ಸೂರ್ಯ ಹುಟ್ಟುವ ಜಾಗವನ್ನು ತಾರಸಿಯ ಗೋಡೆಯ ಮೇಲೆ ಗುರುತು ಮಾಡು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೇ ಎಂದು ಗುರುತು ಹೇಳುತ್ತದೆ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಂದು ಸುತ್ತಿನಂತೆ ಮೆಲ್ಲಗೆ ದಿಕ್ಕು ಬದಲಿಸುತ್ತದೆ, 72 ವರ್ಷಕ್ಕೆ ಒಂದು ಡಿಗ್ರಿ. ಸುಮಾರು 1,700 ವರ್ಷಗಳ ಹಿಂದೆ ಸಂಕ್ರಾಂತಿಯೂ ಉತ್ತರಾಯಣವೂ ಒಂದೇ ದಿನವಿದ್ದವು, ಈಗ 24 ಡಿಗ್ರಿಯ ಅಂತರ ಬಿದ್ದಿದೆ. ಎಳ್ಳುಬೆಲ್ಲ ಜನವರಿಯಲ್ಲೇ ಹಂಚು. ಸೂರ್ಯ ತಿರುಗಿದ್ದು ಯಾವಾಗ ಎಂಬುದೂ ನಿನಗೆ ಗೊತ್ತಿರಲಿ.

ಕೊನೆಯದಾಗಿ ಮೂರು ಮಾತು ನೆನಪಿಡು. ಸೂರ್ಯನನ್ನು ಟೆಲಿಸ್ಕೋಪಿನಲ್ಲಿಯಾಗಲಿ ಬರಿಗಣ್ಣಿನಲ್ಲಿಯಾಗಲಿ ನೇರವಾಗಿ ನೋಡಬಾರದು, ಕಣ್ಣು ಹೋದರೆ ಮರಳಿ ಬರುವುದಿಲ್ಲ. ಎಗ್ಮೋರಿನ ಕನ್ನೆಮರಾ ಗ್ರಂಥಾಲಯಕ್ಕೆ ಹೋಗುವುದನ್ನು ರೂಢಿ ಮಾಡಿಕೋ. ದೇಶದಲ್ಲಿ ಅಚ್ಚಾಗುವ ಪುಸ್ತಕಗಳ ಒಂದೊಂದು ಪ್ರತಿ ಅಲ್ಲಿಗೆ ಸೇರಬೇಕೆಂದು ಕಾನೂನಿದೆ. ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣರಾಯರು ಆಕಾಶದ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನು ಕೇಳಿ ಓದು. ಮೂರನೆಯದು, ಒಂದು ನೋಟ್‌ಬುಕ್ ಇಡು. ದಿನಾಂಕ, ಹೊತ್ತು, ಕಂಡದ್ದು, ಕಾಣದ್ದು ಎಲ್ಲ ಬರೆ. ಮೋಡವಿದ್ದರೆ ಮೋಡವೆಂದು ಬರೆ.

ಶುಕ್ರ ಮತ್ತೆ ಸೂರ್ಯನ ಮುಖವನ್ನು ಹಾಯುವುದು 2117ರ ಡಿಸೆಂಬರ್ 11ರಂದು, ಅದು ನಿನಗೂ ಸಿಗುವುದು ಕಷ್ಟ. ಆದರೆ ಉಳಿದದ್ದೆಲ್ಲ ಇವತ್ತು ರಾತ್ರಿಯೇ ಸಿಗುತ್ತದೆ. ಆ್ಯಪ್ ಹೇಳಲಿ, ಪಂಚಾಂಗ ಹೇಳಲಿ, ಈ ಅಜ್ಜನೇ ಹೇಳಲಿ, ನೀನು ಒಮ್ಮೆ ನೋಡಿ ತಾಳೆ ಹಾಕು. ತಾಳೆಯಾದರೆ ಒಪ್ಪಿಕೋ, ಆಗದಿದ್ದರೆ ಏಕೆಂದು ಕೇಳು. ಯಾರನ್ನೇ ಆಗಲಿ, ಕೇಳಲು ಹಿಂಜರಿಯಬೇಡ.